ವೈಕುಂಠ ಕಂಬಂನಲ್ಲಿದೆ

ನಮ್ಮ ದೊಡ್ಡ ಮಾವನ ಮನೆಯಲ್ಲಿ ಯಾರಿಗೂ ಮೋಕ್ಷ ಸಿಗುವುದಿಲ್ಲ. ಹಾಗೆಂದು ಅಲ್ಲಿರುವವರೆಲ್ಲ ಪಾಪಿಗಳೆಂದು ತಿಳಿಯಬೇಡಿ! (ಪಾಪಿಗಳೇ; ಅದು ಬೇರೆ ಮಾತು.) ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈಯ ಆ ಮನೆಯಲ್ಲಿ ನೀವು ಎಷ್ಟು ಪುಣ್ಯ ಮಾಡಿದರೂ ಅಷ್ಟೇ, ಎಷ್ಟು ಚೆನ್ನಾಗಿ ಕವಡೆ ಹಾಕಿದರೂ ಅಷ್ಟೇ. ಯಾಕೆಂದರೆ ವೈಕುಂಠ ಅಲ್ಲಿಲ್ಲ. ವೈಕುಂಠ ಕಂಬಂನಲ್ಲಿದೆ. ನಮ್ಮ ಚಿಕ್ಕ ಮಾವನ ಮನೆಯ ಮರದ ಪೆಟ್ಟಿಗೆಯಲ್ಲಿ, ನಾಲ್ಕಾಗಿ ಮಡಿಸಿ, ಬೇವಿನ ಎಲೆ ಹಾಕಿ ಇಟ್ಟಿದ್ದಾರೆ.

ಚಿನ್ನಮನೂರಿಗೆ ಹೋಗಿ ಬಸ್ಸು ಹಿಡಿದರೆ ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಹೋಗಿಬರಬಹುದಾದ ವೈಕುಂಠ ಅದು. ಋಷಿಮುನಿಗಳು ಕೇಳಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು. ದೊಡ್ಡ ಮಾವ ಮಾತ್ರ ಹೋಗಿರಲಿಲ್ಲ. ಚಿನ್ನಮನೂರಿನಲ್ಲಿ ಆ ಬಸ್ಸು ಪಕ್ಕದಲ್ಲಿ ಹಾದುಹೋದರೆ ಮುಖ ತಿರುಗಿಸಿಕೊಂಡು, ಕಂಬಂ ಎಂದು ಬರೆದ ಹಲಗೆಗೂ ಕಾಣದ ಹಾಗೆ ನಿಂತುಕೊಳ್ಳುತ್ತಿದ್ದರು.

ಪಟದ ಕತೆ ಮೊದಲು ಹೇಳಿಬಿಡುತ್ತೇನೆ. ಪರಮಪದದ ಆಟ ನಿಮಗೂ ಗೊತ್ತಿರುತ್ತದೆ: ಮನೆಗಳು, ಏಣಿಗಳು, ಹಾವುಗಳು, ಕೆಳಗೆ ಭೂಮಿ, ತುದಿಯಲ್ಲಿ ವೈಕುಂಠ. ನಮ್ಮ ಕಡೆ ಮಾರ್ಗಳಿ ತಿಂಗಳು, ಅಂದರೆ ನಿಮ್ಮ ಧನುರ್ಮಾಸ, ಬಂತೆಂದರೆ ಊಟವಾದ ಮೇಲೆ ಮನೆಮನೆಯಲ್ಲೂ ಕವಡೆ ಉರುಳುತ್ತವೆ. ನನ್ನ ತಾಯಿಯ ತವರಿನ ಪಟ ಮಾತ್ರ ಬೇರೆ ತರದ್ದು. ಅಮ್ಮನ ತಾತ ದಪ್ಪ ನೂಲಿನ ಬಟ್ಟೆಗೆ ಹುಣಸೆಬೀಜದ ಗಂಜಿ ಹಚ್ಚಿ, ಕಾವಿ, ಕಾಡಿಗೆ, ಅರಿಶಿನಗಳಲ್ಲಿ ಕೈಯಾರೆ ಬರೆದದ್ದು. ಅದರಲ್ಲಿ ಒಂದು ಅಕ್ಷರವೂ ಇಲ್ಲ. ಮನೆಯಲ್ಲಿ ಆಡುವುದು ಕನ್ನಡ, ಪಳ್ಳಿಕೂಡದಲ್ಲಿ, ಅಂದರೆ ಶಾಲೆಯಲ್ಲಿ, ಬರೆಯುವುದು ತಮಿಳು. ಯಾವುದರಲ್ಲಿ ಬರೆದರೂ ಒಬ್ಬರಿಗೆ ಸಿಟ್ಟು ಬರುತ್ತದೆಂದು ಅವರು ಬರೆಯುವ ಗೊಡವೆಗೇ ಹೋಗಲಿಲ್ಲವೇನೋ! (ನಾನು ಈ ಕನ್ನಡ ಅಕ್ಷರ ಕಲಿತದ್ದು ದಿಂಡುಕ್ಕಲ್ಲಿನಲ್ಲಿ ಓದುವಾಗ, ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಭಟ್ಟರಿಂದ. ಗುರುದಕ್ಷಿಣೆಯಾಗಿ ಅವರ ಮಾಲೀಕರ ದನಿಯಲ್ಲಿ ಅಡುಗೆಮನೆಯ ಕಡೆ ಮುಖಮಾಡಿ ಗದರುತ್ತಿದ್ದೆ. ಒಳಗೆ ಸೌಟು ಬೀಳುವ ಸದ್ದಾಗುತ್ತಿತ್ತು.)

ಅಕ್ಷರವಿಲ್ಲದಿದ್ದರೇನು, ಪ್ರತಿ ಹಾವಿನ ಬಾಯಲ್ಲೂ ಒಂದು ಮುಖವಿತ್ತು. ಪುರಾಣದ ರಾಕ್ಷಸರಲ್ಲ ಸ್ವಾಮಿ, ನಮ್ಮವರೇ! ಗದ್ದೆಯ ಬದು, ನಮ್ಮ ಮಾತಿನಲ್ಲಿ ವರಪ್ಪು, ಜರುಗಿಸಿದ ಒಬ್ಬ ದಾಯಾದಿ. ಮಜ್ಜಿಗೆಗೆ ನೀರು ಬೆರೆಸಿ, ಆ ನೀರಿಗೆ ಇನ್ನಷ್ಟು ನೀರು ಬೆರೆಸಿದ ಒಬ್ಬ ಅತ್ತೆ. ಸಾವಿನ ಮನೆಗೆ ಹೋಗಿ ಸಾಂಬಾರಿಗೆ ಉಪ್ಪು ಕಡಿಮೆ ಎಂದ ಒಬ್ಬ ಮಹಾನುಭಾವ. ಆಟದ ಕಟ್ಟಳೆ ಏನೆಂದರೆ, ಹಾವು ಯಾರನ್ನು ನುಂಗಿತೋ ಅವನು ಆ ಮುಖದವನಾಗಿ ಮಾತಾಡಬೇಕು. ಉಳಿದವರು ಕೇಳಿದ್ದಕ್ಕೆಲ್ಲ ಅವನಾಗಿಯೇ ಉತ್ತರ ಕೊಡಬೇಕು. ಕೂತವರು ನಕ್ಕರೆ ಮಾತ್ರ ಮತ್ತೆ ಕವಡೆ ಕೈಗೆ ಬರುತ್ತದೆ. ನಗಲಿಲ್ಲವೋ, ಬಾಲದ ತುದಿಯಲ್ಲೇ ಬಿದ್ದಿರಬೇಕು.

"ವರಪ್ಪು ಯಾಕ್ಲಾ ಜರುಗಿಸ್ದೆ?"

"ನಾನೆಲ್ಲಿ ಜರುಗಿಸ್ದೆ? ನಾನ್ ನನ್ ಪಾಡ್ಗೆ ಮಲ್ಗಿದ್ದೆ. ವರಪ್ಪೇ ನಡ್ಕೊಂಡ್ ಬಂದು ನನ್ ಕಾಲ್ ಮುಟ್ಟಿ ಎಬ್ಬಿಸ್ತು!"

ಏಣಿ ಹತ್ತಿದವರೂ ಮಾತಾಡಬೇಕಿತ್ತು, ಒಳ್ಳೆಯವರಾಗಿ. ಅಲ್ಲಿ ಮಾತ್ರ ಎಲ್ಲರೂ ತೊದಲುತ್ತಿದ್ದರು. ನಮ್ಮ ಮನೆತನದಲ್ಲಿ ಯಾರಿಗೂ ಆ ಮಾತಿನ ಅಭ್ಯಾಸವಿರಲಿಲ್ಲ.

ನನ್ನ ಕಸುಬು ಹುಟ್ಟಿದ್ದು ಆ ಪಟದ ಅಂಚಿನಲ್ಲೇ. ಯಾರ ದನಿ ಕೇಳಿದರೂ ಸಾಕು, ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಬಸ್ಸಿನ ಕಂಡಕ್ಟರ್, ಬೋಡಿಮೆಟ್ಟಿನ ಏಲಕ್ಕಿ ತೋಟದ ಮೇಸ್ತ್ರಿ, ನಮ್ಮ ತಂದೆ, ಎಮ್ಮೆ, ಯಾರೂ ಬಾಕಿ ಇಲ್ಲ. ನಿನ್ನ ಸ್ವಂತ ದನಿ ಯಾವುದಪ್ಪ ಎಂದು ಕೇಳಬೇಡಿ. ಎಲ್ಲೋ ಇಟ್ಟು ಮರೆತಿದ್ದೇನೆ. ಮುಖದ ವಿಷಯಕ್ಕೆ ಬಂದರೆ, ಸುಡಲು ಇಟ್ಟು ಮರೆತ ಬದನೆಕಾಯಿ. ದೊಡ್ಡ ಮಾವನ ಮಗಳು ಸಂಬಂಧದಲ್ಲಿ ನನಗೇ ಬರಬೇಕಾದವಳು. ಹಿರಿಯರು ಕೇಳಿದಾಗ ಅವಳು ಒಂದೇ ಮಾತು ಹೇಳಿದಳು: "ಇವನ್ನ ಕಟ್ಕೊಂಡ್ರೆ ದಿನಕ್ಕೊಬ್ಬ ಗಂಡ. ನಂಗೆ ಒಬ್ಬ ಸಾಕು." ಎಲ್ಲರೂ ನಕ್ಕರು. ಆ ಮಾತನ್ನೂ ಅವಳ ದನಿಯಲ್ಲೇ ಹೇಳಿ ತೋರಿಸಿ ಇನ್ನೊಮ್ಮೆ ನಗಿಸಿದೆ. ಬೇರೆ ಏನು ಮಾಡಲು ಸಾಧ್ಯವಿತ್ತು ಹೇಳಿ?

ಈಗ ಕತ್ತರಿಯ ಕತೆ.

ನನ್ನ ತಾತ, ಅಂದರೆ ಅಮ್ಮನ ಅಪ್ಪ, ತೀರಿದ ಮೇಲೆ ಮಾವಂದಿರಿಬ್ಬರೂ ಆಸ್ತಿ ಹಂಚಿಕೊಂಡರು. ಊರಿನ ಹಿರಿಯರು ಜಗಲಿಯ ಮೇಲೆ ಕೂತು ಗದ್ದೆ, ತೆಂಗು, ಎತ್ತು, ಅಂಡೆ, ಒರಳು, ಕಂಬಂನಲ್ಲಿದ್ದ ದ್ರಾಕ್ಷಿ ತೋಟ, ಎಲ್ಲವನ್ನೂ ಜಗಳವಿಲ್ಲದೆ ಪಾಲು ಮಾಡಿದರು. ಕೊನೆಗೆ ಉಳಿದದ್ದು ಪಟ. ದೊಡ್ಡ ಮಾವ "ಅದು ನಂಗೆ" ಎಂದರು. ಚಿಕ್ಕ ಮಾವನೂ "ಅದು ನಂಗೆ" ಎಂದರು. ಗದ್ದೆಗೆ ಸುಮ್ಮನಿದ್ದವರು ಬಟ್ಟೆಗೆ ಎದ್ದು ನಿಂತರು! ಹಿರಿಯರಲ್ಲೊಬ್ಬರಿಗೆ ಯಾವುದೋ ಅಜ್ಜಿಕತೆ ನೆನಪಾಯಿತು. "ಹಂಗಾದ್ರೆ ಕತ್ತರಿಸಿ ಆಳಿಗ್ ಅರ್ಧ ಕೊಡಿ" ಎಂದರು. ಅಜ್ಜಿಕತೆಯಲ್ಲಿ ಏನಾಗುತ್ತದೆ? ನಿಜವಾದ ಪ್ರೀತಿ ಇರುವವನು "ಬೇಡ, ಕತ್ತರಿಸಬೇಡಿ, ಅವನಿಗೇ ಇರಲಿ" ಎಂದು ಅಳುತ್ತಾನೆ. ಹಿರಿಯರು ಕಾದರು. ದರ್ಜಿಯ ಮನೆಯಿಂದ ಕತ್ತರಿ ಬರುವವರೆಗೆ ಕಾದರು. ಕತ್ತರಿ ಬಾಯಿ ತೆರೆಯಿತು. ಅಣ್ಣ ತೆರೆಯಲಿಲ್ಲ, ತಮ್ಮ ತೆರೆಯಲಿಲ್ಲ. ಹಿರಿಯರಿಗೂ ಹೇಳಿದ ಮಾತಿನಿಂದ ಇಳಿಯುವ ದಾರಿ ಇರಲಿಲ್ಲ. ಅಡ್ಡಕ್ಕೆ ಸರ್ರನೆ ಕತ್ತರಿಸಿದರು.

"ಇದ್ದೊಬ್ಬ ಅಕ್ಕನ್ನ ಒಂದ್ ಮಾತು ಕೇಳಿದ್ರೆ ಆ ಕತ್ರೀನ ನಾನೇ ನುಂಗಿಬಿಡ್ತಿದ್ದೆ" ಎಂದು ನಮ್ಮಮ್ಮ ಇಂದಿಗೂ ಹೇಳುತ್ತಾಳೆ. ಹೆಣ್ಣುಮಕ್ಕಳನ್ನು ಯಾರು ಕೇಳುತ್ತಾರೆ? ಅವಳ ಪಾಲಿಗೆ ಬಂದದ್ದು ನೆಲಕ್ಕೆ ಬಿದ್ದ ನೂಲಿನ ಎಳೆಗಳು. ಗುಡಿಸಿದವಳೂ ಅವಳೇ.

ಕೆಳಗಿನ ಅರ್ಧ ದೊಡ್ಡ ಮಾವನಿಗೆ, ಮೇಲಿನ ಅರ್ಧ, ದ್ರಾಕ್ಷಿ ತೋಟ ಪಾಲಿಗೆ ಬಂದು ಕಂಬಂಗೆ ಹೊರಟ ಚಿಕ್ಕ ಮಾವನಿಗೆ. ಎಲ್ಲಕ್ಕಿಂತ ದೊಡ್ಡ ಹಾವು, 'ನಾನೇ ಸರಿ' ಎನ್ನುವವನ ಮುಖವಿದ್ದ ಹಾವು, ವೈಕುಂಠದ ಬಾಗಿಲಲ್ಲಿ ನುಂಗಿ ಪಟದ ಬುಡಕ್ಕೆ ತಂದು ಬಿಡುವಂಥದ್ದು. ಅದೂ ಎರಡಾಯಿತು. ತಲೆ ಕಂಬಂಗೆ ಹೋಯಿತು, ಬಾಲ ಮಾರ್ಕಯನ್‌ಕೋಟ್ಟೈಯಲ್ಲಿ ಉಳಿಯಿತು. ಇಷ್ಟು ನ್ಯಾಯವಾದ ಪಾಲು ಆ ದಿನ ಬೇರೆ ಯಾವುದೂ ಆಗಿರಲಿಲ್ಲ!

ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಆದರೆ ಆಟ ನಿಲ್ಲಲಿಲ್ಲ ನೋಡಿ, ಅದೇ ನಮ್ಮ ದೊಡ್ಡ ಮಾವನ ಹೆಚ್ಚುಗಾರಿಕೆ. ಪ್ರತಿ ಮಾರ್ಗಳಿಗೂ ಅರ್ಧ ಪಟವನ್ನು ಒಗೆದು, ಒಣಗಿಸಿ, ಹಜಾರದಲ್ಲಿ ಹಾಸುತ್ತಾರೆ. ಹೆಂಡತಿ, ಮಗಳು, ನಾನು, ಸಿಕ್ಕಿದ ನೆರೆಯವರು ಎಲ್ಲರೂ ಕೂರಬೇಕು. ಅರ್ಧ ಪಟದಲ್ಲಿ ಏಣಿ ಹತ್ತಿದರೆ ಏನಾಗುತ್ತದೆ? ಬಟ್ಟೆ ಮುಗಿದುಹೋಗುತ್ತದೆ! ಏಣಿ ಆಕಾಶದಲ್ಲಿ ನಿಲ್ಲುತ್ತದೆ. ಆಗ ಮಾವ ತೀರ್ಪು ಕೊಡುತ್ತಾರೆ:

"ನೀ ಕಂಬಂಗೆ ಓದೆ. ಎದ್ದು ತಿಣ್ಣೆ ಮೇಲೆ ಕುಂತ್ಕೋ."

"ಮಾಮಾ, ನಾ ಏಣಿ ಹತ್ತಿದೀನಿ. ಗೆದ್ದಂಗಲ್ವಾ?"

"ನಮ್ಮನ್ನ ಬಿಟ್ಟೋದೋನು ಗೆದ್ದೋನು ಎಂಗ್ಲಾ ಆಯ್ತಾನೆ ಮಾಪ್ಳೆ?"

(ಮಾಪ್ಳೆ ಎಂದರೆ ಅಳಿಯ; ಅಂದರೆ ನಾನು.) ಹೀಗಾಗಿ ಪುಣ್ಯವಂತರೆಲ್ಲ ಒಬ್ಬೊಬ್ಬರಾಗಿ ಜಗಲಿಯ ಮೇಲೆ ಚಳಿಗಾಳಿಯಲ್ಲಿ. ಸಣ್ಣ ಹಾವುಗಳಿಂದ ಕಚ್ಚಿಸಿಕೊಂಡು ತೆವಳುವವರು ಒಳಗೆ ಬೆಚ್ಚಗೆ. ಕೊನೆಗೆ ಒಬ್ಬರೇ ಉಳಿಯುತ್ತಿದ್ದರು, ಯಾವಾಗಲೂ ಮಾವನೇ. ಏಣಿಯ ಮನೆ ಬರುತ್ತದೆ ಎನ್ನಿಸಿದರೆ ಕವಡೆಯನ್ನು ಮೊಣಕೈಯಿಂದ ತಿರುವಿಹಾಕುತ್ತಿದ್ದರು. ನರಕದಲ್ಲೇ ಇರುವುದಕ್ಕಾಗಿ ಮೋಸ ಮಾಡುವ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಇನ್ನೊಂದು ವಿಚಿತ್ರವಿತ್ತು. ದೊಡ್ಡ ಹಾವಿನ ಬಾಲದ ತುದಿಯ ಮನೆಯಲ್ಲಿ ಮಾವ ಒಂದು ಚಿಪ್ಪಿನ ಗುಂಡಿ ಇಡುತ್ತಿದ್ದರು, ಅಂಗಿಯ ಗುಂಡಿ. ಅದನ್ನು ಯಾರೂ ನಡೆಸುವಂತಿಲ್ಲ, ಮುಟ್ಟುವಂತಿಲ್ಲ.

"ಯಾರ್ ಕಾಯಿ ಮಾಮಾ ಇದು?"

"ಮೇಲಿಂದ ಬಿದ್ದೋನ್ದು. ನೀ ಕವಡೆ ಹಾಕು."

ಚಿಕ್ಕ ಮಾವ ಚಿಕ್ಕಂದಿನಿಂದ ಆಡುತ್ತಿದ್ದದ್ದು ಆ ಗುಂಡಿಯಲ್ಲೇ ಎಂಬುದು ಮನೆಗೆಲ್ಲ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೋದ ವರ್ಷ ಮಾವನ ಮಗಳಿಗೆ ಗಂಡು ಗೊತ್ತಾಯಿತು. ಒಂದೇ ದನಿಯ ಗಂಡು, ದೇವರ ದಯೆ. ಮಾರ್ಗಳಿ ಕಳೆದು, ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳಲ್ಲಿ ಮದುವೆ. ಎಲ್ಲರೂ ಸಂತೋಷವಾಗಿರುವಾಗ ಹುಡುಗಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಚಿತ್ತಪ್ಪ ಬರ್ದೇ ಇದ್ರೆ ನಾ ಮಣೆ ಮೇಲೆ ಕೂರಲ್ಲ." ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಆ ಚಿತ್ತಪ್ಪ, ನಮ್ಮ ಚಿಕ್ಕ ಮಾವ. ನಮ್ಮಲ್ಲಿ ಒಡಹುಟ್ಟಿದವರಿಗೆ ಅಂಚೆಯಲ್ಲಿ ಪತ್ರಿಕೆ ಹಾಕಿದರೆ ಅದು ಕರೆದಂತಲ್ಲ, ಕೆಣಕಿದಂತೆ. ಮನೆಯ ಯಜಮಾನನೇ ಹೋಗಿ ಎಲೆ ಅಡಿಕೆ ಕೊಟ್ಟು ಬಾಯಿತುಂಬ ಕರೆಯಬೇಕು. ಅಂದರೆ ದೊಡ್ಡ ಮಾವ ಕಂಬಂ ಬಸ್ಸು ಹತ್ತಬೇಕು. ಅದಕ್ಕಿಂತ ಬಸ್ಸು ದೊಡ್ಡ ಮಾವನನ್ನು ಹತ್ತುವುದು ಸುಲಭವಿತ್ತು.

ಹುಡುಗಿ ಜಾಣೆ. ಮದುವೆಯ ಪಾತ್ರೆ, ಬೀಗ ಕೊಳ್ಳಲು ದಿಂಡುಕ್ಕಲ್ಲಿಗೆ ಹೋದವಳು ಅಲ್ಲಿಂದ ಒಂದು ಹೊಸ ಪಟ ತಂದಳು. ಅಚ್ಚು ಹಾಕಿದ್ದು, ಕಾಗದದ್ದು, ಕನ್ನಡಿಯ ಹಾಗೆ ಹೊಳೆಯುವಂಥದ್ದು. ಮೇಲೆ ವೈಕುಂಠ, ಕೆಳಗೆ ಭೂಮಿ, ಎರಡೂ ಒಂದೇ ಹಾಳೆಯಲ್ಲಿ! ಅವಳ ಲೆಕ್ಕ ಇಷ್ಟು: ಜಗಳ ಬಂದದ್ದು ಪಟಕ್ಕೆ; ಪೂರ್ತಿ ಪಟ ಮನೆಗೆ ಬಂದರೆ ಹರಕು ಬಟ್ಟೆಯ ಸಿಟ್ಟು ತಾನಾಗಿ ಇಳಿಯುತ್ತದೆ.

ಅವಳು ಮರೆತದ್ದು ಅಪ್ಪನ ಗುಣ. ಸರ್ಕಾರ ಆಣೆ ತೆಗೆದು ಹೊಸ ಪೈಸೆ ತಂದಿದೆ. ಮಾವ ಇನ್ನೂ ಆಣೆಯಲ್ಲೇ ಕೆಮ್ಮುತ್ತಾರೆ. ಕಿಲೋ ಎಂದರೆ ಯಾರನ್ನೋ ಬೈದಂತೆ ಸುತ್ತ ನೋಡುತ್ತಾರೆ. ಅವರ ಅಳತೆ ಪಡಿ, ಮರಕ್ಕಾಲು. ಅಂಥವರ ಮುಂದೆ ಹೊಸ ಪಟ ಹಾಸಿದೆವು. ಹಾವುಗಳು ಕಡಿಮೆ, ಇದ್ದವೂ ಮದುವೆಗೆ ಬಂದ ನೆಂಟರ ಹಾಗೆ ನಗುತ್ತಿದ್ದವು. ಮುಖಗಳಿಲ್ಲ. ಪ್ರತಿ ಹಾವಿನ ಕೆಳಗೂ ತಮಿಳಿನಲ್ಲಿ ಪಾಪದ ಹೆಸರು: ಕೋಪ, ಲೋಭ, ಪೊಯ್ ಅಂದರೆ ಸುಳ್ಳು. ಬರೆದೇ ಇರುವುದರಿಂದ ಯಾರೂ ಮಾತಾಡಬೇಕಾಗಿಲ್ಲ. ಕವಡೆ ಹಾಕು, ಇಳಿ, ಹತ್ತು. ಮಾವ ಮಗಳ ಮುಖ ನೋಡಿ ಒಲ್ಲದ ಮನಸ್ಸಿನಿಂದ ಕೂತರು. ಒಲೆಯ ಮೇಲಿನ ಅನ್ನ ಬೇಯುವ ಮೊದಲೇ ವೈಕುಂಠ ತಲುಪಿಬಿಟ್ಟರು! ಜೀವಮಾನದಲ್ಲಿ ಮೊದಲ ಸಲ. ಅತ್ತೆ ಕೈಮುಗಿದರು. ಮಾವ ಅತ್ತಿತ್ತ ನೋಡಿ,

"ಮೋಕ್ಷ ಬಂದ್ಬಿಡ್ತು. ಈಗೇನ್ ಮಾಡೋದು? ಎಮ್ಮೆಗ್ ಹುಲ್ಲಾಕ್ಲಾ?" ಎಂದರು.

ಎದ್ದು ಹೋಗಿ ಹುಲ್ಲು ಹಾಕಿದರು ಕೂಡ. ವಾಪಸು ಬಂದವರೇ ಹೊಸ ಪಟವನ್ನು ಸುತ್ತಿ, ಉಪ್ಪಿನಕಾಯಿ ಜಾಡಿಗೆ ಮುಚ್ಚಳವಾಗಿ ಕಟ್ಟಿಬಿಟ್ಟರು. ವೈಕುಂಠ ಸರಿಯಾಗಿ ಜಾಡಿಯ ಬಾಯಿಗೆ ಬಂತು.

"ಅಪ್ಪಾ, ಅದ್ರಲ್ಲಿ ಎಲ್ಲಾ ಐತಲ್ಲ, ಏನ್ ಕಮ್ಮಿ?" ಎಂದಳು ಮಗಳು.

"ಅದೇ ಕಮ್ಮಿ. ಎಲ್ಲಾ ಇದ್ಮೇಲೆ ಇನ್ನೊಬ್ರು ಯಾಕ್ ಬೇಕು?" ಎಂದು ಹೊರಗೆ ಹೋದರು. ನಾವು ಅದನ್ನೂ ಅವರ ತಿಕ್ಕಲುಗಳ ಲೆಕ್ಕಕ್ಕೆ ಸೇರಿಸಿ ನಕ್ಕೆವು. ನಕ್ಕವರಲ್ಲಿ ನಾನೇ ಮೊದಲು.

ಈ ನಡುವೆ ನಾನು ಕಂಬಂಗೂ ಹೋಗುತ್ತಿದ್ದೆ. ನನಗೇನು, ನಾನು ಎರಡು ಮನೆಗೂ ಸೋದರಳಿಯ, ಎರಡು ಮನೆಯಲ್ಲೂ ಊಟ! ಅಲ್ಲಿಯೂ ಮಾರ್ಗಳಿಯಲ್ಲಿ ಆಟ ನಡೆಯುತ್ತಿತ್ತು, ಮೇಲಿನ ಅರ್ಧದಲ್ಲಿ. ಆ ಮನೆಯ ಮಕ್ಕಳು ಹುಟ್ಟುತ್ತಲೇ ಸ್ವರ್ಗದ ಮೆಟ್ಟಿಲಲ್ಲಿ. ಸಾಧನೆಯಿಲ್ಲ, ಸಂಕಟವಿಲ್ಲ, ನಾಲ್ಕು ಕವಡೆಗೆ ವೈಕುಂಠ. ಆದರೆ ಹಾವು ನುಂಗಿದರೆ? ಬಾಲ ಆ ಮನೆಯಲ್ಲಿ ಇಲ್ಲವಲ್ಲ! ಚಿಕ್ಕ ಮಾವನ ತೀರ್ಪು:

"ನೀ ಮಾರ್ಕಯನ್‌ಕೋಟ್ಟೈಗೆ ಓದೆ. ಎದ್ದು ತಿಣ್ಣೆ ಮೇಲೆ ಕುಂತ್ಕೋ."

ಅದೇ ಮಾತು, ಅದೇ ಜಗಲಿ. ಅಣ್ಣತಮ್ಮಂದಿರು ಮಾತು ಬಿಟ್ಟರೂ ಮಾತು ಅವರನ್ನು ಬಿಟ್ಟಿರಲಿಲ್ಲ. ಆ ಮನೆಯ ಚಿಕ್ಕ ಹುಡುಗಿ ಅನ್ನ ಬೇಡವೆಂದು ಹಟ ಹಿಡಿದರೆ ಅವಳ ತಾಯಿ, "ಮಾರ್ಕಯನ್‌ಕೋಟ್ಟೈಗೆ ಕಳಿಸ್ಬಿಡ್ತೀನಿ" ಎಂದು ಹೆದರಿಸುತ್ತಿದ್ದರು. ಸ್ವಂತ ದೊಡ್ಡಪ್ಪನ ಊರು ಆ ಮಗುವಿಗೆ ನರಕದ ಹೆಸರು. ನಾನು ಅದನ್ನೂ ತಮಾಷೆ ಎಂದೇ ಊರೆಲ್ಲ ಹೇಳಿಕೊಂಡು ತಿರುಗಿದೆ.

ಊಟವಾದ ಮೇಲೆ ಚಿಕ್ಕ ಮಾವ ಎಲೆಗೆ ಸುಣ್ಣ ಹಚ್ಚುತ್ತಾ, ನನ್ನ ಮುಖ ನೋಡದೆ, "ಅವ್ನ್ ತರ ಒಂದ್ ದಪ ಮಾಡೋ ಮಾಪ್ಳೆ" ಎನ್ನುತ್ತಿದ್ದರು. ನಾನು ದೊಡ್ಡ ಮಾವನಾಗಿ ಕೆಮ್ಮಿ, ಗಂಟಲು ಕೆರೆದು, ಕಿಲೋಗಳನ್ನು ಬೈದು, ಎಮ್ಮೆಯ ಜೊತೆ ರಾಜಕೀಯ ಮಾತಾಡುತ್ತಿದ್ದೆ. ಮಾವ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಗು ನಿಂತ ಮೇಲೂ ನೀರು ಸ್ವಲ್ಪ ಹೊತ್ತು ಬರುತ್ತಿತ್ತು. "ಆ ಕೆಮ್ಮು ಇನ್ನಾ ಐತಾ? ಇನ್ನೊಂದ್ ದಪ ಕೆಮ್ಮು" ಎನ್ನುತ್ತಿದ್ದರು. ನಾನು ಕೆಮ್ಮುತ್ತಿದ್ದೆ.

ಮಾರ್ಕಯನ್‌ಕೋಟ್ಟೈಗೆ ಬಂದರೆ ಇಲ್ಲಿಯೂ ಅದೇ. ದೊಡ್ಡ ಮಾವ ಹಗ್ಗ ಹೊಸೆಯುತ್ತಾ, "ಆ ಕಂಬಂ ದೊರೆ ಎಂಗ್ ಮಾತಾಡ್ತಾನೆ? ಮಾಡು ನೋಡಣ" ಎನ್ನುತ್ತಿದ್ದರು. ಚಿಕ್ಕ ಮಾವನದು ಗಂಟೆಯಂಥ ದನಿ. ಆದರೆ ಮದುವೆಗೆ ಎರಡು ಮಾರ್ಗಳಿ ಮೊದಲು ದ್ರಾಕ್ಷಿ ಚಪ್ಪರದ ಕಲ್ಲುಕಂಬ ಜಾರಿ ಬಾಯಿಗೆ ಬಡಿದು ಮುಂದಿನ ಹಲ್ಲುಗಳು ಹೋದವು. ಮಾತಿನ ನಡುವೆ ಗಾಳಿ ಬರತೊಡಗಿತು. ನಾನು ನಿಯತ್ತಿನ ಕಸುಬುದಾರ. ಮುಂದಿನ ಸಲ ಗಾಳಿಯ ಸಮೇತ ಮಾಡಿ ತೋರಿಸಿದೆ. ದೊಡ್ಡ ಮಾವ ಹಗ್ಗ ಬಿಸಾಕಿ,

"ಥೂ! ಏನ್ಲಾ ಅದು, ಮುದುಕನ್ ತರ? ಅವ್ನು ಅಂಗಾ ಮಾತಾಡಾದು? ಸರ್ಯಾಗ್ ಮಾಡು" ಎಂದರು.

"ಮಾಮಾ, ಈಗ ಅವರ..."

"ಮೊದ್ಲಿನ್ ತರ ಮಾಡು ಅಂದೆ!"

ಗಿರಾಕಿ ಕೇಳಿದ ಸರಕು ಕೊಡುವುದು ಅಂಗಡಿಯವನ ಧರ್ಮವಲ್ಲವೇ? ಹಳೆಯ ಗಂಟೆಯ ದನಿಯನ್ನೇ ತೆಗೆದೆ. ಮಾವನಿಗೆ ನೆಮ್ಮದಿಯಾಯಿತು. ಹೀಗೆ ಈ ಅಣ್ಣತಮ್ಮಂದಿರು ಅಸಲನ್ನು ದೂರವಿಟ್ಟು ನನ್ನಂಥ ನಕಲಿಗೆ ಒಗ್ಗಿಹೋಗಿದ್ದರು. ಹೊಸ ಪಟ ಕಂಡರೆ ಉರಿದು ಬೀಳುವ ಮನುಷ್ಯನಿಗೆ, ಅಚ್ಚುಹಾಕಿದ ತಮ್ಮ ಮಾತ್ರ ಸಾಕಾಗಿದ್ದ!

ಮದುವೆ ಹತ್ತಿರ ಬಂತು. ಮಗಳು ಹಟ ಬಿಡಲಿಲ್ಲ, ಊಟ ಬಿಟ್ಟಳು. ಆಗ ದೊಡ್ಡ ಮಾವನಿಗೆ ಹೊಳೆದ ಉಪಾಯ ಕೇಳಿ. ನನ್ನನ್ನು ಹಿತ್ತಿಲಿಗೆ ಕರೆದು, ಹೊಸ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು, ತಮ್ಮ ಅಂಗವಸ್ತ್ರವನ್ನು ನನ್ನ ಹೆಗಲಿಗೆ ಹಾಕಿ ಹೇಳಿದರು:

"ನೀ ಓಗು. ನನ್ ತರಾನೇ ಕರಿ. ನ್ಯಾರಾಗಿ ನಾನೇ ಬಂದಂಗೆ. ಕೆಮ್ಮೋದ್ ಮರೀಬ್ಯಾಡ."

ಎಂಥ ತಲೆ ನೋಡಿ! ಕರೆದ ಹಾಗೂ ಆಗಬೇಕು, ಕರೆಯದ ಹಾಗೂ ಇರಬೇಕು. ನಾನೂ ಕಡಿಮೆಯೇ? ಜೀವಮಾನದ ದೊಡ್ಡ ಪಾತ್ರ ಸಿಕ್ಕಿತೆಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೆಮ್ಮಿ ಅಭ್ಯಾಸ ಮಾಡಿದೆ. ಪಕ್ಕದವರು ಕ್ಷಯವಿರಬೇಕೆಂದು ಎದ್ದು ಬೇರೆ ಕಡೆ ಕೂತರು.

ಚಿಕ್ಕ ಮಾವ ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದರು. ನಾನು ತಟ್ಟೆ ನೀಡಿ, ಕೆಮ್ಮಿ, ದೊಡ್ಡ ಮಾವನ ದನಿಯಲ್ಲಿ ಹೇಳಿದೆ: "ನಮ್ ಪಾಪಂಗೆ ಕಲ್ಯಾಣ. ನೀನೂ ಎಂಡ್ರು ಮಕ್ಳೂ ಮುಂಚೇನೇ ಬಂದು ನಿಂತು ನಡುಸ್ಕೊಡ್ಬೇಕು." ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಚಪ್ಪಾಳೆಗೆ ಕಾದೆ.

ಚಿಕ್ಕ ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕಣ್ಣು ತೆರೆದಾಗ ಎದುರಿಗೆ ನಾನಿದ್ದೆ. ಅವರ ಮುಖದಲ್ಲಿ ಆದ ಇಳಿತವನ್ನು ನಾನು ಇನ್ನೂ ಯಾರಿಗೂ ಅಭಿನಯಿಸಿ ತೋರಿಸಿಲ್ಲ.

"ಸರಿ ಮಾಪ್ಳೆ" ಎಂದರು, ಹಲ್ಲಿಲ್ಲದ ಗಾಳಿಮಾತಿನಲ್ಲಿ. "ಕಲ್ಯಾಣದ್ ದಿನ ಇದೇ ತುಂಡು ಬಟ್ಟೇನ ಎಗಲಿಗೆ ಹಾಕ್ಕೊಂಡು, ನನ್ ತರ ಮಾತಾಡ್ಕೊಂಡು, ನೀನೇ ಅಲ್ಲಿ ನಿಂತ್ಕೋ. ಅಸಲು ಕರುದ್ರೆ ಅಸಲು ಬತ್ತದೆ. ನಕಲು ಕರುದ್ರೆ ನಕಲೇ ಬತ್ತದೆ. ಅಂಗಂತ ಅವ್ನಿಗ್ ಏಳು."

ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ.

ಅಂದು ವಾಪಸು ಬರುವ ಬಸ್ಸಿನಲ್ಲಿ ನನಗೆ ಕೆಮ್ಮು ಬರಲಿಲ್ಲ. ಮನೆಯ ಹಜಾರದಲ್ಲಿ ಅತ್ತೆ, ಮಗಳು, ಮಾವ ಎಲ್ಲರೂ ಕಾದಿದ್ದರು. ಆ ಮಾತನ್ನು ಚಿಕ್ಕ ಮಾವನ ದನಿಯಲ್ಲೇ ಹೇಳಿದೆ, ಹಳೆಯ ಗಂಟೆಯ ದನಿಯಲ್ಲಿ. ಮಾವ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಇನ್ನೊಂದ್ ದಪ ಏಳು" ಎಂದರು.

"ಇಲ್ಲ ಮಾಮಾ. ಅಂಗಡಿ ಮುಚ್ಚೈತೆ."

"ಏಳೋ ಅಂದ್ರೆ!"

"ಅಸಲು ಕಂಬಂನಲ್ಲೈತೆ. ಬಸ್ಸೂ ಐತೆ."

ಅದು ಯಾರ ದನಿಯೆಂದು ನನಗೇ ಗುರುತು ಸಿಗಲಿಲ್ಲ. ಯಾವತ್ತೂ ಬಾಯಿ ತೆರೆಯದ ಅತ್ತೆ ಅಂದು ತೆರೆದರು: "ನಿಮ್ ಅರ್ಧ ಬಟ್ಟೇಲಿ ಪುಣ್ಯ ಮಾಡ್ದೋರೆಲ್ಲ ತಿಣ್ಣೆ ಮೇಲೆ ನಡುಗ್ತಾ ಕುಂತಿದ್ದು ಸಾಕು. ನನ್ ಮಗ್ಳೂ ಅಲ್ಲೇ ಕುಂತ್ಕೋಬೇಕಾ?" ಮಗಳು ತಂದೆಯ ಮುಂದಿದ್ದ ತಟ್ಟೆಯಲ್ಲಿ ಬಾಡಿದ ಎಲೆಗಳನ್ನು ತೆಗೆದು ಹೊಸ ಎಲೆ ಜೋಡಿಸಿದಳು.

ಮರುದಿನ ಬೆಳಿಗ್ಗೆ ದೊಡ್ಡ ಮಾವ ಒಗೆದ ಅಂಗಿ ತೊಟ್ಟು, ಅರ್ಧ ಪಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಚಿನ್ನಮನೂರಿನ ದಾರಿ ಹಿಡಿದರು. ತಟ್ಟೆ ಹೊರಲು ನಾನು. ಬಸ್ಸಿನಲ್ಲಿ ಟಿಕೇಟು ಕೇಳಿದರೆ ಊರಿನ ಹೆಸರು ಹೇಳಲು ಅವರ ಬಾಯಿ ಏಳಲಿಲ್ಲ. "ಕಡೇ ಸ್ಟಾಪು" ಎಂದರು. ಕಡೆಯ ಸ್ಟಾಪು ಕಂಬಂ ದಾಟಿ ಗೂಡಲೂರಿನಲ್ಲಿತ್ತು. ಕಂಬಂನಲ್ಲೇ ಎಳೆದು ಇಳಿಸಬೇಕಾಯಿತು.

ಚಪ್ಪರದ ಕೆಳಗೆ ಅಣ್ಣ ಈ ಕಡೆ, ತಮ್ಮ ಆ ಕಡೆ. ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರಿಗೂ ದನಿ ಬೇಕಿತ್ತು, ಎರಡೂ ನನ್ನ ಗಂಟಲಲ್ಲಿ ಸಿದ್ಧವಿದ್ದವು. ಅಂದು ನಾನು ಮಾಡಿದ ಅನುಕರಣೆ ಅತ್ಯಂತ ಕಷ್ಟದ್ದು: ಮೂಗನದು. ತುಟಿ ಕಚ್ಚಿ ನಿಂತೆ.

"ಬಾ... ಅಣ್ಣಾ" ಎಂದರು ಚಿಕ್ಕ ಮಾವ. ಮಾತಿಗಿಂತ ಮೊದಲು ಗಾಳಿ ಬಂತು.

ದೊಡ್ಡ ಮಾವ ಗಾಬರಿಯಾಗಿ ನನ್ನ ಕಡೆ ತಿರುಗಿ, ಮತ್ತೆ ತಮ್ಮನ ಕಡೆ ನೋಡಿದರು. "ಅಲ್ಲು ಎಲ್ಲೋ?"

"ಓದ್ವು. ಕಲ್ಲ್ ಬಡೀತು."

"ಯಾವಾಗ?"

"ಆಗ್ಲೇ. ಎರಡ್ ಮಾರ್ಗಳಿ ಆಯ್ತು."

"ನಂಗೆ..." ಎಂದು ಮಾವ ನಿಲ್ಲಿಸಿದರು. ಯಾರೂ ಹೇಳಲಿಲ್ಲ ಎನ್ನಲು ಹೊರಟವರಿಗೆ ಬಿಸಾಕಿದ ಹಗ್ಗ ನೆನಪಾಗಿರಬೇಕು. ನನ್ನನ್ನು ತೋರಿಸಿ, "ಇವ್ನು ನಿನ್ಗಿಂತ ಚೆನ್ನಾಗ್ ನಿನ್ ತರ ಮಾತಾಡ್ತಾನೆ ಕಣೋ" ಎಂದರು. ಮತ್ತೆ ತಟ್ಟೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಮ್ಮನ ಕೈಗೆ ಕೊಟ್ಟರು. ಕರೆಯುವ ಮಾತು ಬಾಯಿಗೆ ಬರಲಿಲ್ಲ. ಕೆಮ್ಮು ಮಾತ್ರ ಬಂತು. ಚಿಕ್ಕ ಮಾವ ತಟ್ಟೆ ತೆಗೆದುಕೊಂಡರು.

ಒಳಗೆ ಹೋಗಿ ಎರಡು ಅರ್ಧಗಳನ್ನೂ ನೆಲಕ್ಕೆ ಹಾಸಿ ಸೇರಿಸಿದರು. ಸೇರಲಿಲ್ಲ! ವರ್ಷವರ್ಷವೂ ಒಗೆದು ಒಗೆದು ದೊಡ್ಡ ಮಾವನ ಅರ್ಧ ಕುಗ್ಗಿಹೋಗಿತ್ತು. ಏಣಿಯ ಕಾಲು ಒಂದು ಕಡೆ, ತಲೆ ಇನ್ನೊಂದು ಕಡೆ. ದೊಡ್ಡ ಹಾವಿನ ಮೈ ಬೆರಳಗಲ ತಪ್ಪಿ ನಿಂತಿತು.

"ನೀ ಒಗೀಲೇ ಇಲ್ವಾ?" ಎಂದರು ದೊಡ್ಡ ಮಾವ.

"ಇಲ್ಲ. ಇಲ್ ನೋಡು, ಅಪ್ಪನ್ ಎಲೆಯಡಿಕೆ ಕಲೆ. ಒಗುದ್ರೆ ಓಗ್ಬಿಡ್ತದೆ ಅಂತ ಬಿಟ್ಟೆ."

ಕಂಬಂ ಅತ್ತೆ ಸೂಜಿ ದಾರ ತಂದು, "ಕೊಡಿ, ಎಂಗೋ ಎಳ್ದು ಒಲಿದ್ಕೊಡ್ತೀನಿ" ಎಂದರು. "ಬ್ಯಾಡ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಯಾವುದು ಯಾರ ದನಿ ಎಂದು ನನಗೇ, ನನಗೇ, ಬೇರೆ ಮಾಡಲಾಗಲಿಲ್ಲ.

"ಒಲಿದ್ರೆ ಯಾರಾದ್ರೂ ಒಬ್ರ ಮನೇಲೇ ಉಳ್ಕೊಂಬಿಡ್ತದೆ" ಎಂದರು ದೊಡ್ಡ ಮಾವ.

ಆಮೇಲೆ ಸೊಂಟದ ಗಂಟು ಬಿಚ್ಚಿ ಆ ಚಿಪ್ಪಿನ ಗುಂಡಿಯನ್ನು ತೆಗೆದು, ದೊಡ್ಡ ಹಾವಿನ ಬಾಲದ ತುದಿಯಲ್ಲಿ ಇಟ್ಟರು. ಚಿಕ್ಕ ಮಾವ ಅದನ್ನು ನೋಡುತ್ತಲೇ ಇದ್ದರು. ಕವಡೆಗೆ ಕೈ ಚಾಚಿದರು. ದೊಡ್ಡ ಮಾವ ಕವಡೆಯ ಮೇಲೆ ಕೈ ಮುಚ್ಚಿದರು.

"ಮೊದ್ಲು ಮಾತಾಡು. ಆವು ನುಂಗೈತೆ ನಿನ್ನ. ಅವತ್ತು ಕತ್ರಿ ಬಂದಾಗ ಬ್ಯಾಡ ಅಂತ ಯಾಕ್ ಅನ್ಲಿಲ್ಲ ನೀನು?"

ಚಿಕ್ಕ ಮಾವ ಹಾವಿನ ಬಾಯಲ್ಲಿದ್ದ ಮುಖವನ್ನು ನೋಡಿದರು. ಗಾಳಿ ತುಂಬಿದ ದನಿಯಲ್ಲಿ ಹೇಳಿದರು:

"ನೀ ಅಂತೀಯ ಅಂತ ಕಾಯ್ತಾ ಇದ್ದೆ ಅಣ್ಣಾ."

ಯಾರೂ ನಗಲಿಲ್ಲ. ಕಟ್ಟಳೆಯ ಪ್ರಕಾರ ಅವರಿಗೆ ಕವಡೆ ಕೊಡುವಂತಿಲ್ಲ.

ದೊಡ್ಡ ಮಾವ ಕೊಟ್ಟರು.